ಪಟ್ಟಿಯ ಕೆಳಗೊಂದು ಗೀಟು

ಮೈಸೂರಿನಲ್ಲಿ ನಿಂತುಕೊಂಡು ‘ದೊಡ್ಡವರಿಗ್ಯಾಕ್ರೀ ಗೊಂಬೆ?’ ಅಂತ ಕೇಳುವವರ ಧೈರ್ಯ ಮೆಚ್ಚಬೇಕು. ನಮ್ಮ ಅರಮನೆಯಲ್ಲಿ ಗೊಂಬೆ ತೊಟ್ಟಿ ಅಂತಲೇ ಒಂದು ಜಾಗ ಇದೆ. ದಸರಾ ಹತ್ತಿರ ಬಂದರೆ ನಜರ್‌ಬಾದ್‌ನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರ ‘ಬೊಂಬೆ ಮನೆ’ ತೆರೆಯುತ್ತದೆ. ಅಲ್ಲಿ ಒಂದೊಂದೇ ಗೊಂಬೆ ಎತ್ತಿ, ತಿರುಗಿಸಿ ನೋಡಿ ಆರಿಸುವವರು ಮಕ್ಕಳಲ್ಲ, ತಲೆ ನರೆತ ಹಿರಿಯರು. ಅದೇ ಊರಿನಲ್ಲಿ ಮೂವತ್ತು ದಾಟಿದ ಸಾಫ್ಟ್‌ವೇರ್ ಹುಡುಗನೊಬ್ಬ ಶೆಲ್ಫಿನ ಮೇಲೆ ಡಾರ್ತ್ ವೇಡರ್ ನಿಲ್ಲಿಸಿದರೆ ಮಾತ್ರ ‘ಒಂದು ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ’ ಅನ್ನೋ ಸಲಹೆ ಬರುತ್ತದೆ.

ಅಜ್ಜಿಯ ಗೊಂಬೆ ಸಂಸ್ಕೃತಿ, ಮೊಮ್ಮಗನ ಗೊಂಬೆ ಹುಚ್ಚು. ಈ ಜಗಳ ಇನ್ನೊಂದು ದಿನ ಆಡೋಣ. ಇವತ್ತು ನನ್ನ ಜಗಳ ನಮ್ಮವರ ಜೊತೆಗೇ. ಅಂದರೆ ಸಿನಿಮಾ ಗೊಂಬೆ ಕೂಡಿಡುವ, ತಿಂಗಳ ಸಂಬಳದಲ್ಲಿ ಅದಕ್ಕೊಂದು ಪಾಲು ಎತ್ತಿಡುವ ನಮ್ಮಂಥವರ ಜೊತೆ. ನಮ್ಮ ಸಮಸ್ಯೆ ಗೊಂಬೆ ಕೊಳ್ಳುವುದಲ್ಲ. ಕೊಳ್ಳುವುದನ್ನು ನಿಲ್ಲಿಸಲು ಗೊತ್ತಿಲ್ಲದಿರುವುದು.

ಸ್ವಲ್ಪ ಹಿಂದಕ್ಕೆ ಹೋಗೋಣ. ‘ಸ್ಟಾರ್ ವಾರ್ಸ್’ ಅಮೆರಿಕದಲ್ಲಿ ತೆರೆ ಕಂಡದ್ದು 1977ರ ಮೇ ತಿಂಗಳಲ್ಲಿ. ಗೊಂಬೆ ಮಾಡುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಮಾಲು ತಯಾರಿಸಲು ಆಗಲಿಲ್ಲ. ಏನು ಮಾಡಿದರು? ರಟ್ಟಿನ ಲಕೋಟೆಯಲ್ಲಿ ಒಂದು ಚೀಟಿ ಇಟ್ಟು ಮಾರಿದರು! ಚೀಟಿ ಕಳಿಸಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಅಂಚೆಯಲ್ಲಿ ಬರುತ್ತವೆ ಅಂತ. ಜನ ರಟ್ಟನ್ನೂ ಕೊಂಡರು. ಇವತ್ತು ನಾವು ರಾತ್ರಿ ಹನ್ನೆರಡಕ್ಕೆ ಅಲಾರಂ ಇಟ್ಟು ಎದ್ದು ಒತ್ತುವ ಪ್ರೀ-ಆರ್ಡರ್ ಬಟನ್ನಿಗೆ ಆ ಲಕೋಟೆ ಅಜ್ಜ ಆಗಬೇಕು.

1978ರಲ್ಲಿ ಮೊದಲ 12 ಗೊಂಬೆಗಳು ಬಂದವು: ಲ್ಯೂಕ್, ಲಿಯಾ, ಹಾನ್ ಸೋಲೋ, ಚ್ಯೂಬಾಕಾ, ಇಬ್ಬರು ರೋಬೋಗಳು, ಓಬಿ-ವಾನ್, ವೇಡರ್, ಜಾವಾ ಮತ್ತಿತರರು. ಹೆಚ್ಚಿನವು ಸುಮಾರು ಮೂರೂ ಮುಕ್ಕಾಲು ಇಂಚಿನ ಅಳತೆಯವು. ಗೊಂಬೆ ಅಂಟಿಸಿದ್ದ ಕಾರ್ಡಿನ ಹಿಂಬದಿಯಲ್ಲಿ ಹನ್ನೆರಡರ ಚಿತ್ರವೂ ಇತ್ತು. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವುದು ಆ ಹಿಂಬದಿಯೇ. ಒಬ್ಬ ಹುಡುಗ ಪೆನ್ನು ಹಿಡಿದು ಒಂದೊಂದಕ್ಕೇ ಟಿಕ್ ಹಾಕಿ, ಒಂದು ದಿನ ‘ಮುಗೀತು’ ಅಂತ ಹೇಳಬಹುದಾಗಿದ್ದ ಪಟ್ಟಿ ಅದು. ಆದರೆ ಕಂಪನಿಗೆ ಆ ಮಾತು ಕೇಳಿಸಿಕೊಳ್ಳುವುದು ಬೇಕಿರಲಿಲ್ಲ. ಹಿಂಬದಿಯ ಚಿತ್ರಗಳು 12 ಇದ್ದದ್ದು 20 ಆಯಿತು, 31 ಆಯಿತು, 1985ರ ಹೊತ್ತಿಗೆ 92 ಮುಟ್ಟಿತು. ಆ ವರ್ಷ ಹೇಗೋ ನಿಂತಿತು. 1995ರಲ್ಲಿ ಮತ್ತೆ ಶುರುವಾದದ್ದು ಇವತ್ತಿನವರೆಗೂ ನಿಂತಿಲ್ಲ. ಅದೇ ವೇಡರ್, ಈ ಸಲ ಹೆಲ್ಮೆಟ್ ಒಡೆದಿದೆ. ಅದೇ ವೇಡರ್, ಈ ಸಲ ಡಬ್ಬದ ಬಣ್ಣ ಬೇರೆ.

ಈ ಆಟಕ್ಕೆ ಇರುವ ಒಂದೇ ಉತ್ತರ, ನಮ್ಮ ಪಟ್ಟಿಯನ್ನು ನಾವೇ ಬರೆಯುವುದು. ನನ್ನದು ಚಿಕ್ಕದು: 1977ರ ಚಿತ್ರದ ಆ ಮೊದಲ ಹನ್ನೆರಡು ಪಾತ್ರಗಳು, ಒಬ್ಬೊಬ್ಬರಿಗೆ ಒಂದೇ ಗೊಂಬೆ, ಹಳೆಯದೋ ಮರುಮುದ್ರಣವೋ ಪರವಾಗಿಲ್ಲ. ಹನ್ನೆರಡೂ ಬಂದವು, ಅಲ್ಲಿಗೆ ನಿಲ್ಲಿಸಿದೆ. ‘ಒರಿಜಿನಲ್ ಪ್ಲಾಸ್ಟಿಕ್ ಮೇಲಂಗಿಯ ಜಾವಾ ಇಲ್ಲದೆ ಅದೆಂಥಾ ಕಂಪ್ಲೀಟ್ ಗುರೂ?’ ಅಂತ ಕೇಳುವವರಿದ್ದಾರೆ. ಆ ಪ್ಲಾಸ್ಟಿಕ್ ಅಂಗಿ ಅಗ್ಗದ ಮಾಲಿನ ಹಾಗೆ ಕಾಣುತ್ತೆ ಅಂತಲೇ ಕಂಪನಿ ಬೇಗ ಬಟ್ಟೆಯದಕ್ಕೆ ಬದಲಾಯಿಸಿತು. ಈಗ ಅದಕ್ಕೇ ದುಬಾರಿ ಬೆಲೆ, ಅದರದ್ದೇ ನಕಲಿಗಳ ಕಾಟ. ನನ್ನ ಜಾವಾ ಬಟ್ಟೆ ಅಂಗಿಯಲ್ಲಿ ಆರಾಮಾಗಿದ್ದಾನೆ.

ನಮ್ಮ ದೇಶದಲ್ಲಂತೂ ಪಟ್ಟಿ ಇನ್ನೂ ಹೆಚ್ಚು ಬೇಕು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ವ್ಯಾಪಾರಿ ತರಿಸುವ 2,000 ರೂಪಾಯಿಯ ಗೊಂಬೆಗೆ ಸುಂಕವೇ 1,400. ಅದರ ಮೇಲೆ ಜಿಎಸ್‌ಟಿ, ಅಂಗಡಿಯವನ ಲಾಭ. ಇದನ್ನು ಬೈಯುತ್ತಾ ಕೂರುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಹನ್ನೆರಡು ಗೊಂಬೆಗೆ ಈ ಸುಂಕ ಕೊಟ್ಟರೆ ಅದು ಒಂದು ಖರ್ಚು. ಕೊನೆಯೇ ಇಲ್ಲದ ಪಟ್ಟಿಗೆ ಕೊಟ್ಟರೆ ಅದು ಇಎಂಐ. ಬಾಡಿಗೆ ಮನೆಯ ಸಜ್ಜೆಯ ಮೇಲೆ ಒಡೆಯದ ರಟ್ಟಿನ ಡಬ್ಬಗಳನ್ನು ಸೂರಿನವರೆಗೆ ಪೇರಿಸಿಟ್ಟು, ಮನೆ ಬದಲಾಯಿಸುವಾಗ ಒಳಗೆ ಏನಿದೆ ಅಂತ ಜ್ಞಾಪಕಕ್ಕೆ ಬಾರದೆ ನಿಂತವರನ್ನು ನಾನು ನೋಡಿದ್ದೇನೆ. ಅವರು ಗೊಂಬೆ ಕೂಡಿಟ್ಟಿರಲಿಲ್ಲ, ರಸೀದಿ ಕೂಡಿಟ್ಟಿದ್ದರು.

‘ಡಬ್ಬ ಒಡೆಯಬೇಡ, ಅದು ಇನ್ವೆಸ್ಟ್‌ಮೆಂಟ್’ ಅನ್ನುವವರ ಬಳಿ ಒಂದು ದೊಡ್ಡ ಉದಾಹರಣೆ ಇದೆ. ರಾಕೆಟ್ ಹಾರಿಸುವ ಬೋಬಾ ಫೆಟ್ ಮಾದರಿಯೊಂದು 2024ರಲ್ಲಿ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ನಿಜ. ಆದರೆ ಆ ಗೊಂಬೆ ಮಕ್ಕಳ ಸುರಕ್ಷತೆಯ ಭಯದಿಂದ ಅಂಗಡಿಗೇ ಬರಲಿಲ್ಲ ಸ್ವಾಮಿ! ಎಪ್ಪತ್ತರ ದಶಕದ ಸೀಲ್ ಒಡೆಯದ ಗೊಂಬೆಗೆ ಬೆಲೆ ಬಂದದ್ದು, ಉಳಿದ ಮಕ್ಕಳೆಲ್ಲ ಅವನ್ನು ಮಣ್ಣಲ್ಲಿ ಆಡಿ, ಕೈಕಾಲು ಮುರಿದು, ಕತ್ತಿ ಕಳೆದದ್ದರಿಂದ. ಇವತ್ತು ಎಲ್ಲರೂ ಸೀಲ್ ಕಾಯುತ್ತಾ ಕೂತಿದ್ದೇವೆ. ಎಲ್ಲರ ಬಳಿಯೂ ಇರುವ ವಸ್ತುವನ್ನು ನಾಳೆ ಕೊಳ್ಳುವವರು ಯಾರು?

ಈಗ ಅಜ್ಜಿಯ ಕಡೆ ನೋಡಿ. ರಕ್ತಚಂದನದ ಪಟ್ಟದ ಗೊಂಬೆ ಜೋಡಿ ಮದುವೆಯಲ್ಲಿ ತವರಿನಿಂದ ಬಂತು. ಮೇಲಿನ ಮೆಟ್ಟಿಲು ಅವರದ್ದು. ಕೆಳಗೆ ಅಕ್ಕಿ ಬೇಳೆ ಮುಂದಿಟ್ಟುಕೊಂಡು ಶೆಟ್ಟರು, ಶೆಟ್ಟಮ್ಮ. ರಾಮಾಯಣದ ಸೆಟ್ಟಿನಲ್ಲಿ ಲಕ್ಷ್ಮಣ ಒಡೆದರೆ ಅಜ್ಜಿ ಇನ್ನೊಬ್ಬ ಲಕ್ಷ್ಮಣನನ್ನು ತರುತ್ತಾರೆ, ಕಿರೀಟ ಬೇರೆ ಬೇರೆ ಇರುವ ನಾಲ್ಕು ರಾಮರನ್ನಲ್ಲ. ‘ಪ್ರತಿ ವರ್ಷ ಹೊಸ ಗೊಂಬೆ ಸೇರಿಸೋ ಪದ್ಧತಿ ಅಲ್ಲೂ ಇದೆಯಲ್ಲ, ಅಲ್ಲೆಲ್ಲಿ ಮುಗಿಯುತ್ತೆ?’ ಅನ್ನಬಹುದು ನೀವು. ಇದೆ. ವರ್ಷಕ್ಕೆ ಒಂದು! ಅದೂ ಮೆಟ್ಟಿಲ ಮೇಲೆ ಜಾಗ ಇದ್ದರೆ. ಮುಖ್ಯವಾಗಿ, ಅಲ್ಲಿ ಯಾವ ಗೊಂಬೆಯೂ ಡಬ್ಬದೊಳಗೆ ಕೂರುವುದಿಲ್ಲ. ವರ್ಷಕ್ಕೊಮ್ಮೆ ಹಳೆಯ ಸೀರೆಯ ಸುತ್ತು ಬಿಚ್ಚಿ ಹೊರಗೆ ಬರುತ್ತದೆ, ಧೂಳು ಒರೆಸಿಕೊಳ್ಳುತ್ತದೆ, ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ.

‘ಹುಡುಕಾಟದಲ್ಲೇ ಮಜಾ, ಮುಗಿದ ಮೇಲೆ ಏನು ಮಾಡೋದು?’ ಅನ್ನುವುದು ಕೊನೆಯ ವಾದ. ಮುಗಿದ ಮೇಲೆ ನೋಡೋದು, ಮಾರಾಯ್ರೆ! ಹುಡುಕುವಾಗ ನಾವು ನೋಡುವುದು ಮುಂದಿನ ಗೊಂಬೆಯನ್ನು, ಕೈಯಲ್ಲಿರುವುದನ್ನಲ್ಲ. ಪಟ್ಟಿ ಮುಗಿದ ಮೇಲೆಯೇ ನಾನು ಆ ಚಿತ್ರವನ್ನು ಮತ್ತೆ ಹಾಕಿ ಕೂತು, ಜಾವಾಗಳು ರೋಬೋಗಳನ್ನು ಮಾರುವ ದೃಶ್ಯ ನಮ್ಮ ಗುಜರಿ ಬಜಾರಿನ ವ್ಯಾಪಾರದ ಹಾಗೇ ಇದೆ ಅಂತ ಕಂಡುಕೊಂಡದ್ದು.

ಆದ್ದರಿಂದ ಒಂದು ಕಾಗದ ತಗೊಳ್ಳಿ. ಯಾವ ಸಿನಿಮಾ, ಯಾವ ಪಾತ್ರಗಳು, ಎಷ್ಟು ಅಂತ ಬರೆಯಿರಿ. ಎಂಟಾದರೂ ಸರಿ, ಇಪ್ಪತ್ತಾದರೂ ಸರಿ. ಕೊನೆಯ ಹೆಸರಿನ ಕೆಳಗೆ ಗೀಟು ಎಳೆಯಿರಿ. ಪಟ್ಟಿಯಲ್ಲಿ ಇಲ್ಲದ್ದನ್ನು ಬೇಕಾದವರಿಗೆ ಮಾರಿ, ಇಲ್ಲವೇ ಮಕ್ಕಳಿಗೆ ಕೊಡಿ. ಇರುವುದರ ಡಬ್ಬ ಒಡೆಯಿರಿ. ಈ ನವರಾತ್ರಿಗೆ ಮನೆಯ ಮೆಟ್ಟಿಲುಗಳಲ್ಲಿ ಒಂದನ್ನು ಅಮ್ಮನ ಹತ್ತಿರ ಕೇಳಿ ಪಡೆಯಿರಿ. ಸಾಯಂಕಾಲ ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು ‘ಆಂಟೀ, ಗೊಂಬೆ ಕೂರ್ಸಿದೀರಾ?’ ಅಂತ ಕೂಗಿದಾಗ, ಒಳಗಿನಿಂದ ನೀವೇ ಎದ್ದು ಹೋಗಿ ‘ಹೂಂ, ಬನ್ನಿ’ ಅನ್ನಿ.