ಸೊನ್ನೆ ತೋರಿಸಿದರೆ ಡ್ರಾ ಎಂದೇನಿಲ್ಲ

ಚೆಸ್‌ನಲ್ಲಿ ಕಂಪ್ಯೂಟರ್ ಮೇಲೋ ಮನುಷ್ಯ ಮೇಲೋ ಎಂಬ ವಾದ ಮುಗಿದು ಕಾಲವಾಯಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು 3.5–2.5ರಿಂದ ಸೋಲಿಸಿದಾಗ ಅದು ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತಡಕಾಡುತ್ತಿತ್ತು. ನನಗೆ ಅದಕ್ಕಿಂತ ದಂಗುಬಡಿಸಿದ್ದು 2009ರ ಸುದ್ದಿ. ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ ಎಂಬ ಪ್ರೋಗ್ರಾಂ 10ಕ್ಕೆ 9.5 ಅಂಕ ಗಳಿಸಿತು. ಓಡಿದ್ದು ಮೊಬೈಲಿನಲ್ಲಿ, ಹುಡುಕಿದ್ದು ಸೆಕೆಂಡಿಗೆ 20 ಸಾವಿರಕ್ಕೂ ಕಡಿಮೆ ಸ್ಥಿತಿಗಳನ್ನು!

ಈಗ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್‌ನ ರೇಟಿಂಗ್ 3600ರ ಆಸುಪಾಸು. ಮನುಷ್ಯರಲ್ಲಿ ಕಾರ್ಲ್‌ಸನ್ ಮುಟ್ಟಿದ ಗರಿಷ್ಠ 2882. ಯಂತ್ರದ ಅಂಕ ಯಂತ್ರಗಳ ಜೊತೆಗೇ ಆಡಿ ಬಂದದ್ದು, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಹಾಕಿದರೂ ಫಲಿತಾಂಶ ಬದಲಾಗುವುದಿಲ್ಲ ಬಿಡಿ.

ನನ್ನ ತಕರಾರು ಬೇರೆ. ನೇರಪ್ರಸಾರದಲ್ಲಿ ಬೋರ್ಡಿನ ಪಕ್ಕ ಕಪ್ಪು–ಬಿಳಿ ಪಟ್ಟಿಯೊಂದು ಏರಿಳಿಯುತ್ತದಲ್ಲ, ಅದು ಹೇಳುವುದು ಯಂತ್ರ ಆಡಿದರೆ ಏನಾಗುತ್ತದೆ ಎಂಬುದನ್ನು. ಕೂತು ಆಡುತ್ತಿರುವವರು ಮನುಷ್ಯರು.

2024ರ ಡಿಸೆಂಬರ್ 12, ಸಿಂಗಪುರ, ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಆಟ. ಗುಕೇಶ್‌ಗೆ ಒಂದು ಪದಾತಿ ಹೆಚ್ಚಿತ್ತು, ಆದರೂ ಯಂತ್ರದ ಲೆಕ್ಕ ಸೊನ್ನೆ, ಅಂದರೆ ಸಮ, ಸಮ, ಸಮ. ಡ್ರಾ ಖಚಿತ ಎಂದು ನೋಡುವವರು ಆಕಳಿಸುತ್ತಿದ್ದರು. ಗುಕೇಶ್ ಮಾತ್ರ ಕೈಬಿಡಲಿಲ್ಲ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ವಿನಿಮಯಕ್ಕೆ ಒಡ್ಡಿದರು. ಆನೆ ಹೋದರೆ ಮೂಲೆಗೆ ಸಿಕ್ಕ ಒಂಟೆಯೂ ಹೋಗುತ್ತದೆ. ಬರೀ ರಾಜ–ಪದಾತಿಗಳು ಉಳಿದರೆ ಗುಕೇಶ್‌ದೇ ಗೆಲುವು. ಪಟ್ಟಿ ಧಡಾರನೆ ಬಿತ್ತು. ಮನೆಯಲ್ಲಿ ಕೂತವರಿಗೆಲ್ಲ ಗೊತ್ತಾಯಿತು, ಎದುರಿಗೆ ಕೂತಿದ್ದ ಗುಕೇಶ್‌ಗೆ ಹೊಳೆಯಲು ಕೆಲ ಕ್ಷಣ ಬೇಕಾಯಿತು. ಸ್ಟಾಕ್‌ಫಿಶ್ ಆ ಸ್ಥಿತಿಯನ್ನು ಎಂದೂ ಸೋಲುತ್ತಿರಲಿಲ್ಲ. ಆದರೆ 13 ಆಟ ಆಡಿ ಹಣ್ಣಾದ ಮನುಷ್ಯನಿಗೆ ಅಲ್ಲಿ ಪ್ರತಿ ನಡೆಯೂ ಅಪಾಯ. ಗುಕೇಶ್ ಪಣ ಕಟ್ಟಿದ್ದು ಅದರ ಮೇಲೆ, ಮತ್ತು ಅದು ಪಟ್ಟಿಯಲ್ಲಿ ಕಾಣುವಂಥದ್ದಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮೈಸೂರಿನಲ್ಲಿ ವಾರಾಂತ್ಯ ಮಕ್ಕಳಿಗೆ ಚೆಸ್ ಹೇಳಿಕೊಡುವವಳು ನಾನು. ಟೂರ್ನಿ ಹಾಲ್‌ನಿಂದ ಮಗು ಹೊರಬಂದದ್ದೇ ತಡ, ಅಪ್ಪಂದಿರು ಸ್ಕೋರ್‌ಶೀಟ್ ಕಿತ್ತುಕೊಂಡು ನಡೆಗಳನ್ನು ಮೊಬೈಲಿಗೆ ತುಂಬುತ್ತಾರೆ. “ನೋಡಿ ಮೇಡಂ, ಪ್ಲಸ್ ತ್ರೀ ಇತ್ತು, ಹಾಳು ಮಾಡ್ಕೊಂಡ!” ಪ್ಲಸ್ ತ್ರೀ ಎಂಬ ಆ ಮೇಲುಗೈಯನ್ನು ಗೆಲುವಾಗಿಸಲು ಒಂದಾದ ಮೇಲೊಂದು ಆರು ಕರಾರುವಾಕ್ ನಡೆ ಬೇಕಿತ್ತು. ಅಪ್ಪನಿಗೆ ಅದರಲ್ಲಿ ಎರಡನೆಯದೂ ಹೊಳೆಯುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಗಡಿಯಾರ ಓಡುತ್ತಿದ್ದರೆ ಕಷ್ಟವೇ.

ಗುಕೇಶ್‌ಗೆ ಕಲಿಸಿದ ವಿಷ್ಣು ಪ್ರಸನ್ನ, ಹುಡುಗ ಗ್ರ್ಯಾಂಡ್‌ಮಾಸ್ಟರ್ ಮಟ್ಟಕ್ಕೆ ಬರುವವರೆಗೆ ಎಂಜಿನ್ ಇಲ್ಲದೆಯೇ ತಯಾರು ಮಾಡಿದರು. ಅಷ್ಟು ಕಟ್ಟುನಿಟ್ಟು ನಮ್ಮಿಂದಾಗದು, ಬೇಕೂ ಇಲ್ಲ. ಎಂಜಿನ್ ಒಳ್ಳೆಯ ನಡೆ ತೋರಿಸುತ್ತದೆ, ಯಾಕೆ ಒಳ್ಳೆಯದೆಂದು ಬಾಯಿಬಿಡುವುದಿಲ್ಲ; ಮಗು ಯಾಕೆ ಬೇರೆಯದನ್ನು ಆಡಿತೆಂಬುದಂತೂ ಅದಕ್ಕೆ ಗೊತ್ತೇ ಇಲ್ಲ. ಅದನ್ನು ಹೇಳಬಲ್ಲದ್ದು ಮಗು ಮಾತ್ರ, ಅದೂ ಆಟ ಮುಗಿದ ಅರ್ಧ ಗಂಟೆಯೊಳಗೆ, ಮರೆಯುವ ಮುನ್ನ. ಆದ್ದರಿಂದ ಮೊದಲು ಬೋರ್ಡ್ ಜೋಡಿಸಿ “ಇಲ್ಲಿ ಏನು ಯೋಚಿಸಿದೆ?” ಎಂದು ಕೇಳಿ, ಸಾಧ್ಯವಾದರೆ ಎದುರಾಳಿ ಹುಡುಗನನ್ನೂ ಕೂರಿಸಿಕೊಳ್ಳಿ. ಸ್ಟಾಕ್‌ಫಿಶ್ ರಾತ್ರಿ ಊಟದ ಮೇಲೂ ತೆರೆಯುತ್ತದೆ.