ಕಂತಿಗೂ ಮುಂಚೆ ಬಾಡಿಗೆ
ಮಾಲೂರಿನ ವಠಾರದ ಹೊಸ್ತಿಲಲ್ಲಿ ಕಂತು ವಸೂಲಿಗೆ ಬಂದವರು ಕೂತರೆ, ಸಾಲ ಮಾಡಿದವಳಿಗಿಂತ ಮೊದಲು ಗಾಬರಿಯಾಗುವುದು ಮನೆ ಮಾಲೀಕರಿಗೆ. ‘ಮರ್ಯಾದೆ ಪ್ರಶ್ನೆ ಕಣಮ್ಮ, ಮನೆ ಖಾಲಿ ಮಾಡು’ ಅನ್ನುತ್ತಾರೆ. ಆ ಮಾತಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಸಕ್ಕರೆ ಡಬ್ಬಿಯಲ್ಲಿ ಮಡಚಿಟ್ಟ ಬಾಡಿಗೆ ದುಡ್ಡನ್ನೇ ಕಂತಿಗೆ ಕೊಟ್ಟು, ಬಾಡಿಗೆಗೆಂದು ಇನ್ನೊಂದು ಸಂಘದಲ್ಲಿ ಸಾಲ ಎತ್ತುತ್ತಾರೆ. ಕೋಲಾರ ಜಿಲ್ಲೆಗೆ ಈ ಸಂಕಟ ಹೊಸದಲ್ಲ. 2009ರಲ್ಲೇ ಇಲ್ಲಿ ಮೈಕ್ರೋಫೈನಾನ್ಸ್ ಕಂತು ಕಟ್ಟುವುದನ್ನು ಜನ ಒಟ್ಟಾಗಿ ನಿಲ್ಲಿಸಿದ್ದರು. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು, 10 ವರ್ಷದವರೆಗೆ ಜೈಲು. ಆದರೆ ನೋಂದಾಯಿತ ಸಂಸ್ಥೆಗಳ ಸಾಲವೇನೂ ಮನ್ನಾ ಆಗಲಿಲ್ಲವಲ್ಲ? ಅದಕ್ಕೇ ನಾನು ಲೋಕ ಅದಾಲತ್‌ನ ರಾಜಿ ಕಡೆಗೆ ಕೈ ತೋರಿಸುತ್ತೇನೆ. ನ್ಯಾಯಾಲಯದ ಶುಲ್ಕವಿಲ್ಲ. ಮುಳಬಾಗಿಲಿನವರಾಗಲಿ ಶ್ರೀನಿವಾಸಪುರದವರಾಗಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಒಂದು ಎಚ್ಚರ: ಅದಾಲತ್‌ನಲ್ಲಾಗುವ ಒಪ್ಪಂದ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಗೆ ಅವಕಾಶವಿಲ್ಲ. ಮೈಕ್ರೋಫೈನಾನ್ಸ್ ಸಾಲವಾದರೆ, ಎಲ್ಲ ಕಂತೂ ಸೇರಿ ಮನೆಯ ಆದಾಯದ ಅರ್ಧ ಮೀರದಂತೆ ನೋಡಿಯೇ ಸಾಲ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದನ್ನು ಅದಾಲತ್‌ನಲ್ಲಿ ಧೈರ್ಯವಾಗಿ ಹೇಳಿ. ಬಾಡಿಗೆ ಕರಾರುಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ ಜೊತೆಗೊಯ್ದು, ಸಹಿ ಹಾಕುವ ಮುಂಚೆ ಬಾಡಿಗೆ, ರೇಷನ್, ಕರೆಂಟು ಬಿಲ್ಲು ಕಳೆದು ಉಳಿಯುವುದೆಷ್ಟೋ ಅಷ್ಟಕ್ಕೇ ಕಂತು ಬರೆಸಿ.