ಬೀಡಿಯ ಹೊಗೆಯೂ ಬೇಡ, ವೇಪಿನ ಆವಿಯೂ ಬೇಡ

ಐವರ್ನಾಡಿನ ಬಂಧುಗಳೇ,

ಹೊಗೆಸೊಪ್ಪು ನಮಗೆ ಹೊಸದಲ್ಲ. ಈ ಸೀಮೆಯ ಎಷ್ಟೋ ಅಮ್ಮಂದಿರು ಜಗಲಿಯಲ್ಲಿ ಕೂತು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಆ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ್ದಾರೆ. ಸೊಪ್ಪಿನ ಘಾಟು, ಬೀಡಿ ಸೇದಿದವರ ಕೆಮ್ಮು ಎರಡನ್ನೂ ನಾವು ಬಲ್ಲೆವು. ಈಗಿನ ವೇಪ್‌ಗೆ, ಅಂದರೆ ಇ-ಸಿಗರೇಟಿಗೆ, ಘಾಟೇ ಇಲ್ಲ. ಮಾವಿನಹಣ್ಣು, ಪುದೀನ, ಕಲ್ಲಂಗಡಿಯ ಪರಿಮಳ. ನೋಡಲು ಪೆನ್‌ಡ್ರೈವ್ ಹಾಗೆ. ಮಗನ ಬ್ಯಾಗಿನಲ್ಲಿ ಕಂಡರೂ ನಮಗೆ ಗುರುತು ಹತ್ತಲಿಕ್ಕಿಲ್ಲ.

"ಸಿಗರೇಟಿಗಿಂತ ಇದು ವಾಸಿ" ಎಂಬ ಮಾತು ಹುಡುಗರ ಬಾಯಲ್ಲಿದೆ. ಅದರಲ್ಲಿ ನಿಜ ಇರುವಷ್ಟನ್ನು ನಾವು ಮುಚ್ಚಿಡುವುದಿಲ್ಲ. ಸುಳ್ಳು ಹೇಳಿ ಹೆದರಿಸಿದರೆ ಮಕ್ಕಳು ನಮ್ಮನ್ನು ಮತ್ತೆ ನಂಬಲಾರರು. ಬೀಡಿ, ಸಿಗರೇಟು ಉರಿಯುತ್ತವೆ. ಆ ಹೊಗೆಯಲ್ಲಿ ಟಾರ್, ಕಾರ್ಬನ್ ಮೊನಾಕ್ಸೈಡ್ ಸೇರಿ ಸುಮಾರು 7000 ರಾಸಾಯನಿಕಗಳಿವೆ. ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ವೇಪಿನಲ್ಲಿ ಉರಿಯುವುದಿಲ್ಲ, ಬ್ಯಾಟರಿಯ ಬಿಸಿಗೆ ದ್ರವ ಆವಿಯಾಗುತ್ತದೆ. ಹಾಗಾಗಿ ವಿಷ ಕಡಿಮೆಯೇ. ಆದರೆ ಆ ಆವಿಯಲ್ಲೂ ಫಾರ್ಮಾಲ್ಡಿಹೈಡ್ ಇದೆ, ಲೋಹದ ಕಣಗಳಿವೆ. ನಿಕೋಟಿನ್ ಅಂತೂ ಅದೇ: ಎದೆಬಡಿತ, ರಕ್ತದೊತ್ತಡ ಏರಿಸುವುದು, ಚಟ ಹಿಡಿಸುವುದು. 25ರ ತನಕ ಬೆಳೆಯುತ್ತಲೇ ಇರುವ ಮೆದುಳಿಗೆ ಅದು ಇನ್ನೂ ಬೇಗ ಅಂಟುತ್ತದೆ.

ನಲವತ್ತು ವರ್ಷ ಬೀಡಿ ಸೇದಿದ ಅಜ್ಜನಿಗೆ ಹೋಲಿಸಿ ಹದಿನಾರರ ಹುಡುಗ "ವಾಸಿ" ಎನ್ನುವುದು ಯಾವ ಲೆಕ್ಕ? ಅವನು ಹೋಲಿಸಬೇಕಾದದ್ದು ಇಲ್ಲಿಯವರೆಗೆ ತಾನೇ ಉಸಿರಾಡಿದ ತೋಟದ ಗಾಳಿಗೆ.

ಅಮೆರಿಕದಲ್ಲಿ 2019-20ರಲ್ಲಿ ವೇಪ್ ಸೇದಿ ಶ್ವಾಸಕೋಶ ಕೆಟ್ಟು 2800ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಹೆಚ್ಚಿನವರು ಸೇದಿದ್ದು ಕಳ್ಳ ದಾರಿಯಲ್ಲಿ ಬಂದ, ವಿಟಮಿನ್ ಇ ಅಸಿಟೇಟ್ ಬೆರೆಸಿದ ಗಾಂಜಾ ಎಣ್ಣೆ. ನಮ್ಮಲ್ಲಿ ಮಾರುವ ವೇಪ್ ಎಲ್ಲವೂ ಕಳ್ಳ ದಾರಿಯದ್ದೇ. ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು, 2019ರಲ್ಲಿ ಇಡೀ ದೇಶದಲ್ಲಿ ನಿಷೇಧ ಬಂತು. ಒಳಗೆ ಏನು ತುಂಬಿದ್ದಾರೆಂದು ಪರೀಕ್ಷಿಸಿದವರು ಯಾರೂ ಇಲ್ಲ.

ಅಂಗಡಿಯ ಅಣ್ಣಂದಿರೇ, ಮಾರಿದವರಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, ಐದು ಲಕ್ಷದವರೆಗೆ ಹೋಗುತ್ತದೆ. ಯಾರಾದರೂ ತಂದುಕೊಟ್ಟರೆ ಇಟ್ಟುಕೊಳ್ಳಬೇಡಿ, ಇಟ್ಟುಕೊಂಡರೂ ಅಪರಾಧವೇ.

ಅಮ್ಮಂದಿರೇ, ಅಪ್ಪಂದಿರೇ, ಸುಳ್ಯಕ್ಕೆ, ಪುತ್ತೂರಿಗೆ, ಮಂಗಳೂರಿಗೆ ಓದಲು ಹೋಗುವ ಮಕ್ಕಳ ಹತ್ತಿರ ಇಂದೇ ಮಾತನಾಡಿ. ಸಿಕ್ಕಿದರೆ ಹೊಡೆಯಬೇಡಿ. ಚಟ ಹಿಡಿದವನಿಗೆ ಬೇಕಾದದ್ದು ಬಿಡಿಸುವವರು.

ಬೀಡಿ ಸೇದುವ ಹಿರಿಯರೇ, ಮಕ್ಕಳಿಗೆ ಬೇಡ ಎನ್ನುವ ಮೊದಲು ನೀವೂ ಕೆಳಗಿಡಿ. ಬಿಟ್ಟ ಒಂದು ವರ್ಷದಲ್ಲಿ ಹೃದಯಕ್ಕಿದ್ದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಬಿಡಲು ನೆರವು ಬೇಕಾದರೆ ಸರಕಾರದ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತನಾಡಬಹುದು. ಈ ಕಾಗದ ಬಿಸಾಡುವ ಮೊದಲು ನಂಬರ್ ಬರೆದಿಟ್ಟುಕೊಳ್ಳಿ: 1800-11-2356.

ಇತಿ,
ಐವರ್ನಾಡಿನ ಕೆಲವು ತಂದೆತಾಯಂದಿರು